ಪೆರುವಿನ ಪಾಲ್ಕಾರಾಹು: ಸಮಭಾಜಕದ ಇಷ್ಟು ಹತ್ತಿರ ಹಿಮ ಹೇಗೆ ನಿಂತಿದೆ?

ನಕ್ಷೆಪ್ರಿಯ

ಗೆಳೆಯರೇ, ಪೆರು ದೇಶದ ನಕ್ಷೆ ನೋಡುತ್ತಾ ಒಂದು ಪರ್ವತದ ಹತ್ತಿರ ನಿಂತುಬಿಟ್ಟಿದ್ದೇನೆ. ಹೆಸರು ಪಾಲ್ಕಾರಾಹು. ಕೆಚುವಾ ಭಾಷೆಯ ಹೆಸರು, ಕವಲೊಡೆದ ಹಿಮಪರ್ವತ ಅಂತ ಅರ್ಥ. ಎತ್ತರ 6,274 ಮೀಟರ್ ಅಂತ ಸಾಮಾನ್ಯವಾಗಿ ಕೊಡುತ್ತಾರೆ. ಕೊರ್ಡಿಯೆರಾ ಬ್ಲಾಂಕಾ ಅನ್ನುವ ಪರ್ವತ ಸಾಲಿನಲ್ಲಿದೆ. ಕೆಳಗೆ ವರಾಸ್ ಪಟ್ಟಣ.

ಇದರ ಅಕ್ಷಾಂಶ ಸುಮಾರು 9.4 ಡಿಗ್ರಿ ದಕ್ಷಿಣ. ಕೇರಳದ ಆಲಪ್ಪುಳ ಸಮಭಾಜಕದಿಂದ ಉತ್ತರಕ್ಕೆ ಎಷ್ಟು ದೂರವೋ, ಹೆಚ್ಚುಕಡಿಮೆ ಅಷ್ಟೇ ದೂರ ಇದು ದಕ್ಷಿಣಕ್ಕೆ. ಬೆಂಗಳೂರಿಗಿಂತ ಸಮಭಾಜಕಕ್ಕೆ ಹತ್ತಿರ! ಅಲ್ಲಿ ವರ್ಷಪೂರ್ತಿ ಹಿಮ ಹೇಗೆ ನಿಲ್ಲುತ್ತದೆ?

"ಎತ್ತರ ಜಾಸ್ತಿ, ಅದಕ್ಕೆ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಯಾಕೆಂದರೆ ಒಂದು ಕಣಿವೆ ದಾಟಿದರೆ ಎದುರಿಗೇ ಕೊರ್ಡಿಯೆರಾ ನೇಗ್ರಾ ಅಂತ ಇನ್ನೊಂದು ಸಾಲಿದೆ. ಅದರ ಮೇಲೆ ಹಿಮನದಿಯೇ ಇಲ್ಲ. ಒಂದು ಬಿಳಿ ಸಾಲು, ಒಂದು ಕಪ್ಪು ಸಾಲು, ಮಧ್ಯೆ ಒಂದು ನದಿ. ಯಾಕೆ ಹೀಗೆ?

ತುಂಗಾತೀರ

ಎತ್ತರ ಜಾಸ್ತಿ, ಅದಕ್ಕೆ. 😀

ಭೂಗೋಳ ಮೇಷ್ಟ್ರು

ಎತ್ತರ ಅನ್ನುವುದು ಸರಿಯಾದ ಉತ್ತರವೇ, ಆದರೆ ಅರ್ಧ ಉತ್ತರ. ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸಾವಿರ ಮೀಟರಿಗೆ ಸುಮಾರು ಐದೂವರೆ, ಆರು ಡಿಗ್ರಿ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ಸಮುದ್ರಮಟ್ಟದಲ್ಲಿ 27 ಡಿಗ್ರಿ ಇದ್ದರೆ 5,000 ಮೀಟರ್ ಆಸುಪಾಸಿನಲ್ಲಿ ಸೊನ್ನೆಗೆ ಬರುತ್ತದೆ. ಉಷ್ಣವಲಯದಲ್ಲಿ ಎಲ್ಲಿ ಹೋದರೂ ಲೆಕ್ಕ ಹತ್ತಿರ ಹತ್ತಿರ ಇಷ್ಟೇ. ನಮ್ಮ ದಕ್ಷಿಣ ಭಾರತದಲ್ಲಿ ಅತಿ ಎತ್ತರದ ಆನೈಮುಡಿ 2,695 ಮೀಟರ್. ಮುಳ್ಳಯ್ಯನಗಿರಿ 1,930. ಹಿಮ ನಿಲ್ಲುವ ಮಟ್ಟದ ಅರ್ಧದಷ್ಟೇ. ಪಾಲ್ಕಾರಾಹು ಆ ಗೆರೆಗಿಂತ ಸಾವಿರ ಮೀಟರಿಗೂ ಮೇಲೆ ತಲೆ ಎತ್ತಿದೆ.

ಇನ್ನರ್ಧ ಉತ್ತರ ತೇವಾಂಶ. ಚಳಿ ಇದ್ದರೆ ಸಾಲದು, ಹಿಮ ಆಗಲು ನೀರು ಬೇಕಲ್ವಾ? ಆ ನೀರು ಬರುವುದು ಪೂರ್ವದಿಂದ, ಅಮೆಜಾನ್ ಕಾಡಿನ ಕಡೆಯಿಂದ. ಮೋಡ ಮೊದಲು ಬ್ಲಾಂಕಾ ಸಾಲಿಗೆ ಬಡಿದು ಹಿಮ ಸುರಿಸುತ್ತದೆ. ನೇಗ್ರಾ ಸಾಲು ಅದರ ಹಿಂದಿದೆ. ಎತ್ತರವೂ ಕಡಿಮೆ, ಅದರ ಅತಿ ಎತ್ತರದ ಶಿಖರವೂ 5,200 ಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಚಳಿಯೂ ಸಾಲದು, ತೇವವೂ ಸಾಲದು.

ಆಗುಂಬೆಯಲ್ಲಿ ಜಡಿಮಳೆ ಹೊಡೆಯುವಾಗ ಪೂರ್ವಕ್ಕೆ ಚಿತ್ರದುರ್ಗದ ಕಡೆ ಬಿಸಿಲು ಇರುತ್ತದಲ್ಲ, ಅದೇ ಆಟ. ದಿಕ್ಕು ಮಾತ್ರ ತಿರುಗುಮುರುಗು.

ನಕ್ಷೆಪ್ರಿಯ

ಮೇಷ್ಟ್ರೇ, ಧನ್ಯವಾದ. ಆದರೆ ಒಂದು ಅನುಮಾನ. ಪೆಸಿಫಿಕ್ ಸಾಗರ ಪಶ್ಚಿಮಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿದೆ. ಪೂರ್ವದಲ್ಲಿ ಅಟ್ಲಾಂಟಿಕ್ ಇರುವುದು ಖಂಡದ ಆ ತುದಿಯಲ್ಲಿ. ಪಕ್ಕದ ಸಮುದ್ರ ಬಿಟ್ಟು ಅಷ್ಟು ದೂರದಿಂದ ಮೋಡ ಬರುವುದಾ?

ಲಿಮಾ ವಾಸಿ

ಇಲ್ಲಿ ಲಿಮಾದಲ್ಲಿ ಇರುವವಳಾಗಿ ಹೇಳುತ್ತೇನೆ. ಪೆಸಿಫಿಕ್ ಪಕ್ಕದಲ್ಲೇ ಇದ್ದೂ ಈ ಊರು ಮರುಭೂಮಿ. ಮನೆಯಲ್ಲಿ ಕೊಡೆ ಇಟ್ಟುಕೊಂಡವರು ಕಡಿಮೆ. ಚಳಿಗಾಲದಲ್ಲಿ ಗರೂವಾ ಅಂತ ಒಂದು ಮಂಜು ಬರುತ್ತದೆ. ಕಾರಿನ ಗಾಜು ಒದ್ದೆ ಆಗುತ್ತದೆ, ನೆಲ ಜಾರುತ್ತದೆ, ಅಷ್ಟೇ. ಮಳೆ ಅಂತ ಕರೆಯುವಂಥದ್ದು ಬೀಳುವುದೇ ಅಪರೂಪ.

ಕಾರಣ ಹಂಬೋಲ್ಟ್ ಪ್ರವಾಹ. ದಕ್ಷಿಣದಿಂದ ಬರುವ ತಣ್ಣೀರು ಕರಾವಳಿಗೆ ಅಂಟಿಕೊಂಡು ಹರಿಯುತ್ತದೆ. ಸಮುದ್ರದ ಮೇಲಿನ ಗಾಳಿ ತಣ್ಣಗೆ, ಭಾರವಾಗಿ ಕೆಳಗೇ ಕೂತಿರುತ್ತದೆ, ಮೇಲೇಳುವುದಿಲ್ಲ. ಮೇಲೇಳದೆ ಮಳೆಮೋಡ ಎಲ್ಲಿಂದ? ಎಲ್ ನಿನ್ಯೋ ವರ್ಷಗಳಲ್ಲಿ ನೀರು ಬಿಸಿಯಾದಾಗ ಉತ್ತರ ಕರಾವಳಿಯಲ್ಲಿ ಇದು ತಲೆಕೆಳಗಾಗಿ ನೆರೆಯೇ ಬರುತ್ತದೆ, ಅದು ಬೇರೆ ಕತೆ.

ಅಮೆಜಾನ್ ಕಡೆ ಹಾಗಲ್ಲ. ಅಟ್ಲಾಂಟಿಕ್‌ನಿಂದ ಬಂದ ತೇವ ಕಾಡಿನ ಮೇಲೆ ಮಳೆಯಾಗಿ ಸುರಿದು, ಮರಗಳ ಎಲೆಯಿಂದ ಮತ್ತೆ ಆವಿಯಾಗಿ, ಮತ್ತೆ ಸುರಿದು, ಹೀಗೆ ಆಂಡೀಸ್‌ವರೆಗೂ ಬರುತ್ತದೆ. ಅದಕ್ಕೇ ಅಮೆಜಾನ್ ಕಾಡು ಕಡಿದರೆ ಇಲ್ಲಿನ ಪರ್ವತದವರು ಚಿಂತೆ ಮಾಡುವುದು.

ಕೊಪ್ಪದ ಹುಡುಗಿ

ಲಿಮಾದಲ್ಲಿ ಕನ್ನಡದವರು ಇದ್ದಾರಾ! ಅಕ್ಕ, ಅಲ್ಲಿ ಅವಲಕ್ಕಿ ಸಿಗುತ್ತಾ?

ಲಿಮಾ ವಾಸಿ

ಸಿಗಲ್ಲ ಮಾರಾಯ್ತಿ. ಕೀನ್ವಾ ಒಗ್ಗರಣೆ ಹಾಕಿ ತಿನ್ನುತ್ತೇನೆ. ಚೆನ್ನಾಗಿರುತ್ತದೆ, ನಿಜವಾಗಿ.

ಬೆಟ್ಟಗುಡ್ಡ

ಪಾಲ್ಕಾರಾಹು ಜ್ವಾಲಾಮುಖಿ ಇರಬೇಕು. ಆಂಡೀಸ್ ಶಿಖರಗಳೆಲ್ಲ ಜ್ವಾಲಾಮುಖಿಗಳೇ ಅಲ್ವಾ? ಕೊಟೊಪಾಕ್ಸಿ, ಚಿಂಬೊರಾಸೊ ಎಲ್ಲ.

ಕಲ್ಲುಮಣ್ಣು

ಅಲ್ಲ. ನೀವು ಹೇಳಿದ ಎರಡೂ ಎಕ್ವಡಾರ್ ದೇಶದವು, ಅವು ಜ್ವಾಲಾಮುಖಿಗಳೇ. ದಕ್ಷಿಣ ಪೆರುವಿನಲ್ಲೂ ಇವೆ, ಅರೆಕಿಪಾ ಊರಿನ ಪಕ್ಕದ ಮಿಸ್ಟಿ ಥರದವು. ಮಧ್ಯ ಮತ್ತು ಉತ್ತರ ಪೆರುವಿನಲ್ಲಿ ಇವತ್ತು ಜೀವಂತ ಜ್ವಾಲಾಮುಖಿ ಇಲ್ಲ. ಕಾರಣ ಸ್ವಾರಸ್ಯವಾಗಿದೆ. ಪೆಸಿಫಿಕ್ ತಳದ ನಾಸ್ಕಾ ಅನ್ನುವ ಭೂಫಲಕ ದಕ್ಷಿಣ ಅಮೆರಿಕದ ಕೆಳಗೆ ನುಗ್ಗುತ್ತಿದೆ. ಬೇರೆ ಕಡೆ ಅದು ಕಡಿದಾಗಿ ಕೆಳಗೆ ಇಳಿಯುತ್ತದೆ, ಆಳದಲ್ಲಿ ಬಿಸಿಯಾಗಿ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಹುಟ್ಟುತ್ತದೆ. ಇಲ್ಲಿ ಅದು ಹೆಚ್ಚು ಇಳಿಯದೆ ಖಂಡದ ತಳಕ್ಕೆ ಒರಗಿಕೊಂಡೇ ಹೋಗುತ್ತದೆ. ಮಧ್ಯೆ ಶಿಲಾಪಾಕ ಹುಟ್ಟಲು ಜಾಗವೇ ಇಲ್ಲ.

ಕೊರ್ಡಿಯೆರಾ ಬ್ಲಾಂಕಾದ ನಡುಮೈ ತಿಳಿ ಬಣ್ಣದ ಗ್ರಾನೊಡಯೊರೈಟ್, ನಮ್ಮ ಗ್ರಾನೈಟಿನ ಹತ್ತಿರದ ಸಂಬಂಧಿ. ನೆಲದೊಳಗೆ ತಣ್ಣಗಾಗಿದ್ದು ಆಮೇಲೆ ಮೇಲಕ್ಕೆದ್ದಿದೆ. ವಯಸ್ಸು ಒಂದು ಕೋಟಿ ವರ್ಷದ ಆಸುಪಾಸು, ಅಂದರೆ ಭೂವಿಜ್ಞಾನದ ಲೆಕ್ಕದಲ್ಲಿ ಎಳೆಗೂಸು. ನಮ್ಮ ಕರ್ನಾಟಕದ ಕೆಲವು ಶಿಲೆಗಳಿಗೆ 300 ಕೋಟಿ ವರ್ಷ ದಾಟಿದೆ.

ಸಾಲಿನ ಪಶ್ಚಿಮ ಬುಡದುದ್ದಕ್ಕೂ ಒಂದು ದೊಡ್ಡ ಸ್ತರಭಂಗ ಇದೆ, ಸುಮಾರು 200 ಕಿಲೋಮೀಟರ್ ಉದ್ದ. ಪರ್ವತದ ಕಡೆ ಎದ್ದಿದೆ, ಕಣಿವೆಯ ಕಡೆ ಕುಸಿದಿದೆ. ಅದಕ್ಕೇ ವರಾಸ್‌ನಲ್ಲಿ ನಿಂತು ನೋಡಿದರೆ ಗೋಡೆ ಎದ್ದು ನಿಂತ ಹಾಗೆ ಕಾಣುವುದು. ಊರು ಇರುವುದು 3,050 ಮೀಟರಿನಲ್ಲಿ. ಇಪ್ಪತ್ತು ಚಿಲ್ಲರೆ ಕಿಲೋಮೀಟರಿನೊಳಗೆ ಇನ್ನೂ 3,200 ಮೀಟರ್ ಮೇಲೆ ಶಿಖರ!

ತುಂಗಾತೀರ

ಈ "ರಾಹು" ಅನ್ನುವುದು ಅಲ್ಲಿ ತುಂಬಾ ಕಡೆ ಬರುತ್ತದಲ್ಲ? ತೊಕ್ಲಾರಾಹು, ಆರ್ತೆಸೊನ್‌ರಾಹು, ತೌಯಿರಾಹು.

ಲಿಮಾ ವಾಸಿ

ಹೌದು. ಆಂಕಾಶ್ ಪ್ರಾಂತ್ಯದ ಕೆಚುವಾದಲ್ಲಿ ಹಿಮಪರ್ವತಕ್ಕೆ ರಾಹು ಅಂತಾರೆ. ಕುಸ್ಕೊ ಕಡೆಯ ಕೆಚುವಾ ಬೇರೆ, ಅಲ್ಲಿ ಹಿಮಕ್ಕೆ ರಿತಿ ಅಂತಾರೆ. ಈ ಕಡೆಯ ಹಳ್ಳಿಯವರಿಗೂ ಕುಸ್ಕೊದವರಿಗೂ ಎಷ್ಟೋ ಸಲ ಒಬ್ಬರ ಮಾತು ಒಬ್ಬರಿಗೆ ಹತ್ತುವುದಿಲ್ಲ. ಹೆಸರಿನ ವಿಷಯ ಅಷ್ಟೇ, ಮುಂದೆ ಹೋಗಿ. ಆ ಪರ್ವತದ ಕೆಳಗಿನ ಕೆರೆಯ ಬಗ್ಗೆ ಯಾರೂ ಇನ್ನೂ ಮಾತೇ ಎತ್ತಿಲ್ಲ!

ನಕ್ಷೆಪ್ರಿಯ

ಪಾಲ್ಕಾಕೋಚಾ? ನಕ್ಷೆಯಲ್ಲಿ ಶಿಖರದ ಬುಡದಲ್ಲಿ ಉದ್ದಕ್ಕೆ ನೀಲಿ ಬಣ್ಣದಲ್ಲಿ ಕಾಣುತ್ತಿದೆ. ಹೇಳಿ ಅಕ್ಕ.

ಲಿಮಾ ವಾಸಿ

ಅದೇ. ಪಾಲ್ಕಾರಾಹು ಮತ್ತು ಪಕ್ಕದ ಪುಕಾರಾನ್ರಾ, ಎರಡರ ಹಿಮನದಿಗಳೂ ಆ ಕೆರೆಯ ತಲೆಗೆ ಇಳಿಯುತ್ತವೆ. ಕೆರೆ ಇರುವುದು 4,560 ಮೀಟರಿನಲ್ಲಿ. ಮೂರು ಕಡೆ ಹಿಮನದಿ ಹಿಂದೆ ಬಿಟ್ಟುಹೋದ ಕಲ್ಲುಮಣ್ಣಿನ ಕಡಿದಾದ ದಿಬ್ಬ. ಭೂಗೋಳದವರು ಮೊರೇನ್ ಅಂತಾರಲ್ಲ, ಅದು. ಕಟ್ಟೆ ಅಂತ ಯಾರೂ ಕಟ್ಟಿದ್ದಲ್ಲ. ಸಡಿಲ ಕಲ್ಲು, ಮಣ್ಣು, ಜಲ್ಲಿ.

1941ರ ಡಿಸೆಂಬರ್ 13ರ ಬೆಳಿಗ್ಗೆ ಆ ದಿಬ್ಬ ಒಡೆಯಿತು. ನೀರು ಕೊಹುಪ್ ಕಣಿವೆಯಲ್ಲಿ ನುಗ್ಗಿತು. ದಾರಿಯಲ್ಲಿ ಹಿರ್ಕಾಕೋಚಾ ಅನ್ನುವ ಇನ್ನೊಂದು ಕೆರೆ ಇತ್ತು, ಅದನ್ನೂ ಒಡೆದು ಜೊತೆಗೆ ಎಳೆದುಕೊಂಡು ಬಂತು. ವರಾಸ್ ಊರಿನ ಮೂರನೇ ಒಂದು ಭಾಗ ಹೋಯಿತು. ಸತ್ತವರು ಕಡಿಮೆ ಅಂದರೆ 1,800 ಜನ, 5,000 ಅನ್ನುವ ಲೆಕ್ಕವೂ ಇದೆ. ಅಂದು ಒಡೆದ ಜಾಗ ಇವತ್ತಿಗೂ ದಿಬ್ಬದಲ್ಲಿ ದೊಡ್ಡ ಕೊರಕಲಾಗಿ ಕಾಣುತ್ತದೆ. ಅದರ ಬಾಯಲ್ಲಿ ಆಮೇಲೆ ಕಟ್ಟಿದ ತಡೆಗೋಡೆಗಳು ಪುಟ್ಟದಾಗಿ ಕಾಣುತ್ತವೆ.

ಒಡೆದ ಮೇಲೆ ಕೆರೆಯಲ್ಲಿ ಉಳಿದದ್ದು ಸುಮಾರು ಐದು ಲಕ್ಷ ಘನ ಮೀಟರ್ ನೀರು. 2009ರಲ್ಲಿ ಅಳೆದಾಗ ಅದು 1 ಕೋಟಿ 70 ಲಕ್ಷ ಘನ ಮೀಟರ್ ಆಗಿತ್ತು. ಹಿಮನದಿ ಹಿಂದೆ ಸರಿದಷ್ಟೂ ಕೆರೆ ಆ ಜಾಗಕ್ಕೆ ಬೆಳೆಯುತ್ತದೆ. ಕೆಳಗೆ ಊರೂ ಬೆಳೆದಿದೆ, ಅದೇ ಹೊಳೆಯ ಎರಡೂ ದಂಡೆಯಲ್ಲಿ.

ಕೊಪ್ಪದ ಹುಡುಗಿ

ಅಯ್ಯೋ. ಅದೇ ಜಾಗದಲ್ಲಿ ಮತ್ತೆ ಮನೆ ಕಟ್ಟಲು ಬಿಟ್ಟದ್ದಾದರೂ ಯಾಕೆ?

ಹಾಸನದ ರೈತ

ತಂಗಿ, ಜಮೀನು, ಮಾರುಕಟ್ಟೆ, ಶಾಲೆ ಎಲ್ಲ ಅಲ್ಲೇ ಇದ್ದರೆ ಜನ ಎಲ್ಲಿಗೆ ಹೋಗಬೇಕು? ಹೊಳೆದಂಡೆಯ ಮಣ್ಣು ಬಿಟ್ಟು ಗುಡ್ಡ ಹತ್ತು ಅಂದರೆ ನಮ್ಮೂರಿನವರೂ ಹತ್ತುವುದಿಲ್ಲ.

ಕರಾವಳಿ ಕೂಸು

ನಾನು ಒಪ್ಪಲ್ಲ. ಜೀವಕ್ಕಿಂತ ಜಮೀನು ದೊಡ್ಡದಾ? ಸರಕಾರ ಗಟ್ಟಿಯಾಗಿ ನಿಂತು ಎಬ್ಬಿಸಬೇಕಿತ್ತು.

ಲಿಮಾ ವಾಸಿ

ಪ್ರಯತ್ನ ಆಗಿತ್ತು. 1941ರ ನಂತರ ಹೊಳೆಪಾತ್ರದಲ್ಲಿ ಮತ್ತೆ ಕಟ್ಟಬೇಡಿ ಅಂತ ಸರಕಾರ ಹೇಳಿತು. ಜನ ಒಪ್ಪಲಿಲ್ಲ, "ನಮ್ಮನ್ನು ಎಬ್ಬಿಸಬೇಡಿ, ಕೆರೆಯನ್ನು ಸರಿಮಾಡಿ" ಅನ್ನುವುದು ಅವರ ವಾದ. ನನಗೆ ಅದರಲ್ಲಿ ನ್ಯಾಯ ಕಾಣುತ್ತದೆ. ಎಬ್ಬಿಸಿದ ಮೇಲೆ ಎಲ್ಲಿ, ಹೇಗೆ ಅಂತ ಯಾರೂ ಸರಿಯಾಗಿ ಹೇಳಿರಲಿಲ್ಲ. ಆಮೇಲೆ ಕೆರೆಗಳನ್ನು ನೋಡಿಕೊಳ್ಳಲೆಂದೇ ಒಂದು ಇಲಾಖೆ ಹುಟ್ಟಿತು. ಆ ಎಂಜಿನಿಯರುಗಳು ಈ ಸಾಲಿನಲ್ಲಿ ಹತ್ತಾರು ಕೆರೆಗಳಿಗೆ ಕಾಲುವೆ ತೋಡಿ, ಸುರಂಗ ಕೊರೆದು, ತಡೆಗೋಡೆ ಕಟ್ಟಿ ನೀರಿನ ಮಟ್ಟ ಇಳಿಸಿದ್ದಾರೆ. ಆ ಎತ್ತರದಲ್ಲಿ, ಕತ್ತೆಗಳ ಮೇಲೆ ಸಿಮೆಂಟು ಹೊರಿಸಿಕೊಂಡು ಹೋಗಿ. ಅವರ ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಎಷ್ಟು ಜನ ಬದುಕಿದ್ದಾರೆ ನೋಡಿ.

ಬೆಟ್ಟಗುಡ್ಡ

ಪಾಲ್ಕಾಕೋಚಾದಲ್ಲಿ ಪೈಪು ಹಾಕಿ ನೀರು ತೆಗೆಯುತ್ತಿದ್ದಾರೆ ಅಂತ ಓದಿದ್ದೆ. ಪಂಪು ಅಲ್ಲ, ಸೈಫನ್ ಅಂತೆ. ಅಷ್ಟು ದೊಡ್ಡ ಕೆರೆಯನ್ನು ಸೈಫನ್‌ನಲ್ಲಿ ಬತ್ತಿಸಬಹುದಾ?

ಹಾಸನದ ರೈತ

ಸೈಫನ್ ನಮಗೆ ಹೊಸದಲ್ಲ. ಪೈಪು ತುಂಬಾ ನೀರು ತುಂಬಿಸಿ, ಗಾಳಿ ಒಂಚೂರೂ ಉಳಿಯದ ಹಾಗೆ ನೋಡಿಕೊಂಡು, ಒಂದು ಬಾಯಿ ನೀರಿನಲ್ಲಿ, ಇನ್ನೊಂದು ಬಾಯಿ ದಂಡೆಯ ಆಚೆ ಅದಕ್ಕಿಂತ ತಗ್ಗಿನಲ್ಲಿ ಇಟ್ಟರೆ ಮುಗಿಯಿತು. ಕರೆಂಟು ಬೇಡ, ಡೀಸೆಲ್ ಬೇಡ. ಮಧ್ಯೆ ಎಲ್ಲಾದರೂ ಗಾಳಿ ಎಳೆದುಕೊಂಡರೆ ಮಾತ್ರ ನಿಂತುಹೋಗುತ್ತದೆ.

ಕಲ್ಲುಮಣ್ಣು

ರೈತರು ಹೇಳಿದ್ದು ಪಕ್ಕಾ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಸೈಫನ್ ನೀರನ್ನು ದಂಡೆಯ ಮೇಲಕ್ಕೆ ಎತ್ತುವುದು ವಾಯುಭಾರದ ಬಲದಿಂದ. ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ 10 ಮೀಟರ್ ಎತ್ತಬಹುದು. 4,560 ಮೀಟರಿನಲ್ಲಿ ಗಾಳಿಯ ಒತ್ತಡ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲಿ ಲೆಕ್ಕಕ್ಕೇ ಆರು ಮೀಟರಿಗಿಂತ ಕಡಿಮೆ, ಕೆಲಸಕ್ಕೆ ಇನ್ನೂ ಕಡಿಮೆ. ಹಾಗಾಗಿ ಸೈಫನ್‌ನಲ್ಲಿ ಕೆಲವೇ ಮೀಟರ್ ಇಳಿಸಬಹುದು, ಬತ್ತಿಸಲು ಆಗುವುದಿಲ್ಲ. 2011ರಲ್ಲಿ ತಾತ್ಕಾಲಿಕ ಅಂತ ಹಾಕಿದ ಪೈಪುಗಳು. ಪೂರ್ತಿ ಪರಿಹಾರ ಬೇಕಿದ್ದರೆ ಸುರಂಗ ಕೊರೆದು ಮಟ್ಟ ಇಳಿಸಬೇಕು, ಗಟ್ಟಿ ತಡೆಗೋಡೆ ಎತ್ತಬೇಕು.

ಲಿಮಾ ವಾಸಿ

ಆ ಪೈಪುಗಳ ಪಕ್ಕದಲ್ಲೇ ಕಾವಲಿನವರು ಇರುತ್ತಾರೆ. ಸಣ್ಣ ಆಸರೆ, ಒಂದು ರೇಡಿಯೋ, ದಪ್ಪ ಜಾಕೆಟ್. ಸರದಿ ಮೇಲೆ ಹಗಲೂ ರಾತ್ರಿ ಕೆರೆಯ ಮಟ್ಟ ನೋಡಿ, ಹಿಮ ಬಿತ್ತಾ, ಮಳೆ ಬಂತಾ ಅಂತ ಕೆಳಗೆ ವರಾಸ್‌ಗೆ ವರದಿ ಮಾಡುತ್ತಾರೆ. ಮೇಲೆ ಹಿಮನದಿಯಿಂದ ತುಂಡು ಮುರಿದು ನೀರಿಗೆ ಬಿದ್ದರೆ ಗುಡುಗಿನ ಹಾಗೆ ಕೇಳುತ್ತದೆ. ಕೆರೆಗಿಂತ ಹೆಚ್ಚು ಭಯ ಅದರದ್ದೇ. ದೊಡ್ಡ ಹಿಮರಾಶಿ ಬಿದ್ದರೆ ಅಲೆ ಎದ್ದು ದಿಬ್ಬ ದಾಟುತ್ತದೆ.

ಭೂಗೋಳ ಮೇಷ್ಟ್ರು

ಈ ಸಾಲಿನಲ್ಲೇ ಅದಕ್ಕೆ ಉದಾಹರಣೆ ಇದೆ. 2010ರ ಏಪ್ರಿಲ್‌ನಲ್ಲಿ ವಲ್ಕಾನ್ ಪರ್ವತದಿಂದ ಹಿಮ, ಬಂಡೆ ಎಲ್ಲ ಕುಸಿದು 513 ಅನ್ನುವ ಕೆರೆಗೆ ಬಿತ್ತು. ಅದರ ಹೆಸರೇ 513, ಕೆರೆಗಳಿಗೆ ಕೊಟ್ಟ ಸಂಖ್ಯೆ ಅದು. 1990ರ ದಶಕದಲ್ಲೇ ಸುರಂಗ ಕೊರೆದು ಆ ಕೆರೆಯ ಮಟ್ಟವನ್ನು ಸುಮಾರು 20 ಮೀಟರ್ ಇಳಿಸಿಟ್ಟಿದ್ದರು. ಆದರೂ ಅಲೆ ದಂಡೆ ದಾಟಿತು! ಕೆಳಗೆ ಕಾರ್ವಾಸ್ ಕಡೆ ಹೊಲ, ಮನೆ ಹಾಳಾದವು. ಮಟ್ಟ ಇಳಿಸದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಆಮೇಲೆ ಅಲ್ಲಿ ಮುನ್ನೆಚ್ಚರಿಕೆ ಯಂತ್ರಗಳನ್ನು ಹಾಕಿದರು. 2016ರಲ್ಲಿ ಭಾರಿ ಬರ ಬಂದಾಗ, ಆ ಯಂತ್ರಗಳೇ ಮೋಡ ಓಡಿಸುತ್ತಿವೆ ಅಂತ ಹಳ್ಳಿಯ ಜನ ಮೇಲೆ ಹೋಗಿ ಅದನ್ನು ಕಿತ್ತುಹಾಕಿದರು.

ತುಂಗಾತೀರ

ಮೂಢನಂಬಿಕೆಗೆ ಮದ್ದಿಲ್ಲ.

ಹಾಸನದ ರೈತ

ಹಾಗೆ ತಳ್ಳಿಹಾಕಬೇಡಿ ಸ್ವಾಮಿ. ಬರಗಾಲದಲ್ಲಿ ಬೆಳೆ ಕಣ್ಣೆದುರಿಗೇ ಒಣಗುವಾಗ ಮನುಷ್ಯ ಏನು ಬೇಕಾದರೂ ನಂಬುತ್ತಾನೆ. ಯಂತ್ರ ಇಟ್ಟವರು ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಕೂತು ಹೇಳಿದ್ದರಾ? ಅವರ ಭಾಷೆಯಲ್ಲಿ ಹೇಳಿದ್ದರಾ? ಊರಿನವರನ್ನು ಕೇಳದೆ ಬೆಟ್ಟದ ಮೇಲೆ ಕಂಬ ನೆಟ್ಟರೆ ಎಲ್ಲಾದರೂ ಗಲಾಟೆ ಆಗೇ ಆಗುತ್ತದೆ.

ಲಿಮಾ ವಾಸಿ

ಹೊರಗಿನವರು ಹೇಳಿದ್ದನ್ನು ಕಣ್ಣುಮುಚ್ಚಿ ನಂಬದಿರಲು ಅಲ್ಲಿನವರಿಗೆ ಕಾರಣಗಳೂ ಇವೆ. 2003ರಲ್ಲಿ ಪಾಲ್ಕಾಕೋಚಾ ಮೇಲಿನ ಹಿಮನದಿಯಲ್ಲಿ ದೊಡ್ಡ ಬಿರುಕು ಕಾಣುತ್ತಿದೆ ಅಂತ ಉಪಗ್ರಹ ಚಿತ್ರ ನೋಡಿ ನಾಸಾ ಎಚ್ಚರಿಕೆ ಕೊಟ್ಟಿತು. ಊರಲ್ಲಿ ದಿಗಿಲು, ಪ್ರವಾಸಿಗರು ಬರುವುದು ನಿಂತಿತು, ಹೋಟೆಲುಗಳು ಖಾಲಿ. ಸ್ಥಳೀಯ ತಜ್ಞರು ಅಂಥ ಅಪಾಯ ಇಲ್ಲ ಅಂದರು, ಅವರು ಹೇಳಿದ್ದೇ ಸರಿಯಾಯಿತು. ಮೇಲಿನಿಂದ ತೆಗೆದ ಚಿತ್ರ ಸಾಲದು, ಕಾಲಿಟ್ಟು ನೋಡಿದವರ ಮಾತೂ ಬೇಕು.

ಬೆಟ್ಟಗುಡ್ಡ

ನಮ್ಮಲ್ಲೂ ಇದೆಲ್ಲ ಆಗಿದೆಯಲ್ಲ. ಉತ್ತರಾಖಂಡದ 2021ರ ಚಮೋಲಿ ದುರಂತ ಕೂಡ ಹೀಗೇ ಹಿಮಕೆರೆ ಒಡೆದದ್ದು.

ಭೂಗೋಳ ಮೇಷ್ಟ್ರು

ಚಮೋಲಿಯಲ್ಲಿ ಕೆರೆ ಒಡೆದದ್ದಲ್ಲ. ಬಂಡೆ ಮತ್ತು ಹಿಮ ಒಟ್ಟಿಗೆ ಕುಸಿದು, ಬೀಳುವ ರಭಸಕ್ಕೆ ಹಿಮ ಕರಗಿ ಕೆಸರಿನ ಪ್ರವಾಹ ಆದದ್ದು. ಪೆರುವಿನಲ್ಲಿ ಹೋಲಿಸಬೇಕಿದ್ದರೆ ವಸ್ಕರಾನ್ ಪರ್ವತಕ್ಕೆ ಹೋಲಿಸಿ. ಹಿಮಕೆರೆ ಒಡೆದದ್ದಕ್ಕೆ ನಮ್ಮ ಉದಾಹರಣೆ ಸಿಕ್ಕಿಂನ ದಕ್ಷಿಣ ಲೊನಾಕ್, 2023ರ ಅಕ್ಟೋಬರ್. ಮೊರೇನ್ ದಿಬ್ಬದ ಒಂದು ಭಾಗ ಕೆರೆಗೆ ಕುಸಿದು ಅಲೆ ಎದ್ದಿತು. ತೀಸ್ತಾ ಕಣಿವೆಯಲ್ಲಿ ಚುಂಗ್‌ಥಾಂಗ್ ಅಣೆಕಟ್ಟೇ ಕೊಚ್ಚಿಹೋಯಿತು.

ಕೊಪ್ಪದ ಹುಡುಗಿ

ವಸ್ಕರಾನ್‌ನಲ್ಲಿ ಏನಾಯಿತು ಮೇಷ್ಟ್ರೇ?

ಭೂಗೋಳ ಮೇಷ್ಟ್ರು

ಇದೇ ಸಾಲಿನ, ಪೆರುವಿನಲ್ಲೇ ಅತಿ ಎತ್ತರದ ಪರ್ವತ, 6,768 ಮೀಟರ್. 1962ರಲ್ಲಿ ಅದರ ಉತ್ತರ ಶಿಖರದಿಂದ ಹಿಮ ಕುಸಿದು ರಾನ್ರಾಹಿರ್ಕಾ ಅನ್ನುವ ಊರು ಮುಚ್ಚಿಹೋಯಿತು, ಸುಮಾರು 4,000 ಜನ ಸತ್ತರು. 1970ರ ಮೇ 31ರಂದು ದೊಡ್ಡ ಭೂಕಂಪ, 7.9 ತೀವ್ರತೆ. ಅದೇ ಶಿಖರದಿಂದ ಬಂಡೆ ಮತ್ತು ಹಿಮ ಮತ್ತೆ ಕುಸಿದು ಕೆಲವೇ ನಿಮಿಷದಲ್ಲಿ ಯುಂಗಾಯ್ ಪಟ್ಟಣವನ್ನೇ ಹೂತುಹಾಕಿತು. ದಿಣ್ಣೆಯ ಮೇಲಿದ್ದ ಸ್ಮಶಾನಕ್ಕೆ ಓಡಿ ಹತ್ತಿದವರು ಉಳಿದರು. ಊರಾಚೆ ಸರ್ಕಸ್ ನೋಡಲು ಹೋಗಿದ್ದ ಮಕ್ಕಳು ಉಳಿದರು. ಭೂಕಂಪದಿಂದ ಒಟ್ಟು ಸತ್ತವರು ಸುಮಾರು 70,000. ಹಳೆಯ ಯುಂಗಾಯ್ ಇದ್ದ ಜಾಗದಲ್ಲಿ ಇವತ್ತು ಊರಿಲ್ಲ, ಅಲ್ಲಿ ಸ್ಮಾರಕ ಇದೆ. ಹೊಸ ಊರು ಪಕ್ಕದಲ್ಲಿ.

ಕರಾವಳಿ ಕೂಸು

ಹಿಮ ಕುಸಿತ, ಭೂಕಂಪ ಎಲ್ಲ ಪ್ರಕೃತಿಯ ಕೆಲಸ. 1941ರಲ್ಲಿ ಇವತ್ತಿನಷ್ಟು ಕಾರು, ಕಾರ್ಖಾನೆ ಎಲ್ಲಿತ್ತು? ಎಲ್ಲದಕ್ಕೂ ಹವಾಮಾನ ಬದಲಾವಣೆ ಅನ್ನುವುದು ಈಗ ಫ್ಯಾಶನ್ ಆಗಿದೆ.

ಕಲ್ಲುಮಣ್ಣು

ಎರಡು ಬೇರೆ ವಿಷಯ ಒಂದೇ ಬುಟ್ಟಿಗೆ ಹಾಕಬೇಡಿ. 1970ರ ಕುಸಿತಕ್ಕೆ ಭೂಕಂಪ ಕಾರಣ, ಯಾರೂ ಬೇರೆ ಹೇಳುತ್ತಿಲ್ಲ. ಆದರೆ ಪಾಲ್ಕಾಕೋಚಾ ಐದು ಲಕ್ಷ ಘನ ಮೀಟರಿನಿಂದ 1 ಕೋಟಿ 70 ಲಕ್ಷಕ್ಕೆ ಬೆಳೆದದ್ದು ಹಿಮನದಿ ಹಿಂದೆ ಸರಿದದ್ದರಿಂದ. ಹಿಮನದಿ ಸರಿದದ್ದು ಬಿಸಿ ಏರಿದ್ದರಿಂದ. 19ನೇ ಶತಮಾನದಿಂದಲೇ ಕಲ್ಲಿದ್ದಲು ಉರಿಸುತ್ತಿದ್ದೇವೆ, ಬಿಸಿ ಏರಿಕೆ 1990ರಲ್ಲಿ ಶುರುವಾದದ್ದಲ್ಲ.

ಉಷ್ಣವಲಯದ ಹಿಮನದಿಗೆ ಇನ್ನೊಂದು ಕಷ್ಟ ಇದೆ. ಹಿಮಾಲಯದ ಉತ್ತರ ಭಾಗದಲ್ಲಿ, ಆಲ್ಪ್ಸ್‌ನಲ್ಲಿ ಚಳಿಗಾಲ ಅಂತ ಒಂದು ಬಿಡುವು ಸಿಗುತ್ತದೆ. ಇಲ್ಲಿ ತಿಂಗಳಿಂದ ತಿಂಗಳಿಗೆ ಉಷ್ಣಾಂಶ ಬದಲಾಗುವುದು ಕಡಿಮೆ, ಹಗಲು ರಾತ್ರಿಯ ವ್ಯತ್ಯಾಸವೇ ಜಾಸ್ತಿ. ಹಿಮನದಿಯ ಕೆಳತುದಿ ವರ್ಷದ ಹನ್ನೆರಡು ತಿಂಗಳೂ ಕರಗುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ, ಹೊಸ ಹಿಮ ಬೀಳುವುದೂ ಆಗಲೇ, ಕೆಳಗೆ ಹೆಚ್ಚು ಕರಗುವುದೂ ಆಗಲೇ. ಬಿಸಿ ಸ್ವಲ್ಪ ಏರಿದರೆ ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬೀಳುತ್ತದೆ. ಬಿಳಿ ಹೊದಿಕೆ ಇಲ್ಲದ ಕಪ್ಪು ಮಂಜುಗಡ್ಡೆ ಬಿಸಿಲನ್ನು ಹೆಚ್ಚು ಹೀರುತ್ತದೆ. ಏಟು ಎರಡು ಕಡೆಯಿಂದ.

ನಕ್ಷೆಪ್ರಿಯ

ಪ್ರಪಂಚದ ಉಷ್ಣವಲಯದ ಹಿಮನದಿಗಳಲ್ಲಿ ನೂರಕ್ಕೆ ಸುಮಾರು 70 ಭಾಗ ಪೆರುವಿನಲ್ಲೇ ಇದೆ ಅಂತ ಓದಿದೆ. ಹಾಗಾದರೆ ಹೆಚ್ಚು ಕಳೆದುಕೊಳ್ಳುವವರೂ ಅವರೇ.

ತುಂಗಾತೀರ

ಇದೇ ಕೆರೆ ವಿಷಯಕ್ಕೆ ಒಬ್ಬ ರೈತ ಜರ್ಮನಿಯಲ್ಲಿ ಕೇಸು ಹಾಕಿದ್ದಲ್ವಾ?

ಲಿಮಾ ವಾಸಿ

ಹೌದು, ಸಾವುಲ್ ಲುಸಿಯಾನೊ ಯಿಯುಯಾ. ರೈತ, ಪರ್ವತ ಮಾರ್ಗದರ್ಶಿ. ಮನೆ ವರಾಸ್‌ನಲ್ಲಿ, ಪ್ರವಾಹ ಬಂದರೆ ನುಗ್ಗುವ ದಾರಿಯಲ್ಲಿ. 2015ರಲ್ಲಿ ಜರ್ಮನಿಯ ಆರ್‌ಡಬ್ಲ್ಯುಇ ವಿದ್ಯುತ್ ಕಂಪನಿಯ ಮೇಲೆ ಕೇಸು ಹಾಕಿದರು. ಕೈಗಾರಿಕಾ ಯುಗ ಶುರುವಾದಾಗಿನಿಂದ ಪ್ರಪಂಚ ಬಿಟ್ಟ ಹೊಗೆಯಲ್ಲಿ ಆ ಕಂಪನಿಯ ಪಾಲು ಶೇಕಡಾ 0.47 ಅಂತ ಲೆಕ್ಕ. ಕೆರೆ ಸುರಕ್ಷಿತ ಮಾಡುವ ಖರ್ಚಿನಲ್ಲೂ ಅಷ್ಟೇ ಪಾಲು ಕೊಡಲಿ ಅಂತ ಕೇಳಿದರು. ಸುಮಾರು 17,000 ಯೂರೋ.

ಮೊದಲ ಕೋರ್ಟು ವಜಾ ಮಾಡಿತು. 2017ರಲ್ಲಿ ಹಾಮ್ ನಗರದ ಮೇಲಿನ ಕೋರ್ಟು ವಿಚಾರಣೆಗೆ ತೆಗೆದುಕೊಂಡಿತು. 2022ರಲ್ಲಿ ಜರ್ಮನ್ ನ್ಯಾಯಾಧೀಶರೇ ವರಾಸ್‌ಗೆ ಬಂದು ಕೆರೆವರೆಗೆ ಹೋಗಿ ನೋಡಿದರು. 2025ರ ಮೇ 28ರಂದು ತೀರ್ಪು ಬಂತು. ಅವರ ಮನೆಗೆ ಮುಂದಿನ 30 ವರ್ಷದಲ್ಲಿ ಪ್ರವಾಹ ಬರುವ ಸಾಧ್ಯತೆ ನೂರಕ್ಕೆ ಸುಮಾರು ಒಂದು ಭಾಗ, ಅದು ಸಾಲದು ಅಂತ ಕೇಸು ಬಿತ್ತು. ಆದರೆ ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಡುವ ಕಂಪನಿಗಳನ್ನು ಇಂಥ ಹಾನಿಗೆ ಹೊಣೆ ಮಾಡಲು ಕಾನೂನಿನಲ್ಲಿ ಅವಕಾಶ ಇದೆ ಅಂತ ಅದೇ ತೀರ್ಪು ಹೇಳಿತು.

ಕರಾವಳಿ ಕೂಸು

ಅಂದರೆ ಸೋತರು. ಸಾವಿರಾರು ಮೈಲಿ ಆಚೆಯ ಹೊಗೆಗೂ ಇಲ್ಲಿನ ಕೆರೆಗೂ ಗಂಟು ಹಾಕುವುದು ನನಗೆ ಸರಿ ಕಾಣಲ್ಲ. ಅದೇ ಹಣ ಅಲ್ಲಿನ ಸರಕಾರ ಹಾಕಿ ಸುರಂಗ ಕೊರೆದಿದ್ದರೆ ಕೆಲಸ ಯಾವಾಗಲೋ ಮುಗಿಯುತ್ತಿತ್ತು.

ಹಾಸನದ ರೈತ

ಮೇಲಿನ ಗದ್ದೆಯವನು ಬದು ಒಡೆದು ನೀರು ಬಿಟ್ಟರೆ ಕೆಳಗಿನವನ ಬೆಳೆ ಹಾಳಾಗುತ್ತದೆ. ಆಗ ಪಂಚಾಯಿತಿ ಮಾಡುತ್ತೇವೋ ಇಲ್ಲವೋ? ದೂರ ಜಾಸ್ತಿ ಆದ ಮಾತ್ರಕ್ಕೆ ನ್ಯಾಯ ಬದಲಾಗಲ್ಲ. ನನ್ನ ಪ್ರಕಾರ ಆ ಮನುಷ್ಯ ಗೆದ್ದ ಹಾಗೆಯೇ. ಸರಕಾರ ಸುರಂಗ ಕೊರೆಯಲಿ ಅನ್ನುವುದಕ್ಕೆ ನನ್ನ ತಕರಾರಿಲ್ಲ, ಎರಡೂ ಆಗಲಿ.

ಕೊಪ್ಪದ ಹುಡುಗಿ

+1 ಹಾಸನದ ಅಣ್ಣನಿಗೆ.

ಭೂಗೋಳ ಮೇಷ್ಟ್ರು

ಜಗಳ ಕೆರೆಯ ಸುತ್ತಲೇ ಸುತ್ತುತ್ತಿದೆ, ನದಿ ಮರೆತೆವು. ವರಾಸ್ ಊರೊಳಗೆ ಹರಿಯುವ ಕಿಲ್ಕಾಯ್ ಹೊಳೆ ಸೇರುವುದು ಸಾಂತಾ ನದಿಗೆ. ಸಾಂತಾ ಹುಟ್ಟುವುದು ದಕ್ಷಿಣದಲ್ಲಿ, 4,000 ಮೀಟರಿಗೂ ಮೇಲೆ ಕೊನೊಕೋಚಾ ಕೆರೆಯ ಹತ್ತಿರ. ಎರಡು ಸಾಲುಗಳ ಮಧ್ಯೆ ಉತ್ತರಕ್ಕೆ ಹರಿದು, ಕಾನ್ಯೋನ್ ದೆಲ್ ಪಾತೋ ಅನ್ನುವ ಇಕ್ಕಟ್ಟಾದ ಕಮರಿಯಲ್ಲಿ ನೇಗ್ರಾ ಸಾಲನ್ನು ಸೀಳಿಕೊಂಡು ಪಶ್ಚಿಮಕ್ಕೆ ತಿರುಗಿ ಚಿಂಬೋಟೆ ಹತ್ತಿರ ಪೆಸಿಫಿಕ್ ಸೇರುತ್ತದೆ. ಆ ಕಮರಿಯಲ್ಲಿ ಜಲವಿದ್ಯುತ್ ಕೇಂದ್ರ ಇದೆ. ಕೆಳಗೆ ಮರುಭೂಮಿಯಲ್ಲಿ ಚವಿಮೋಚಿಕ್ ಅನ್ನುವ ದೊಡ್ಡ ನೀರಾವರಿ ಯೋಜನೆ ಇದೆ. ಅಲ್ಲಿ ಬೆಳೆದ ಶತಾವರಿ, ಬೆಣ್ಣೆಹಣ್ಣು, ಬ್ಲೂಬೆರಿ ಹೊರದೇಶಕ್ಕೆ ಹೋಗುತ್ತವೆ.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲದಾಗ ನದಿಗೆ ಆಸರೆ ಹಿಮನದಿಯ ನೀರು. ಕರಗುವುದು ಜಾಸ್ತಿಯಾದರೆ ಕೆಲವು ಕಾಲ ನೀರೂ ಜಾಸ್ತಿ ಬರುತ್ತದೆ, ಆಮೇಲೆ ಇಳಿಯಲು ಶುರು. ಸಾಂತಾ ಕಣಿವೆಯ ಹೆಚ್ಚಿನ ಉಪಹೊಳೆಗಳು ಆ ಏರುಗಾಲ ದಾಟಿ ಇಳಿಮುಖ ಆಗಿವೆ ಅಂತ 2012ರ ಅಧ್ಯಯನವೇ ಹೇಳಿತ್ತು.

ಲಿಮಾ ವಾಸಿ

ನೀರಿನ ಗುಣವೂ ಕೆಡುತ್ತಿದೆ. ಪಾಸ್ತೊರೂರಿ ಹಿಮನದಿಯ ಕಡೆ ಹೋದರೆ ಕಲ್ಲುಗಳ ಮೇಲೆ ತುಕ್ಕಿನ ಬಣ್ಣ ಕಾಣುತ್ತದೆ. ಮಂಜುಗಡ್ಡೆಯ ಕೆಳಗೆ ಮುಚ್ಚಿಕೊಂಡಿದ್ದ ಗಂಧಕದ ಬಂಡೆ ಈಗ ಗಾಳಿ, ನೀರಿಗೆ ತೆರೆದುಕೊಂಡು ಆಮ್ಲ ಬಿಡುತ್ತಿದೆ. ಕಬ್ಬಿಣ ಮತ್ತಿತರ ಲೋಹ ನೀರಿಗೆ ಸೇರುತ್ತವೆ. ಗಣಿ ಮಾಡಿದ ಕೊಳೆಯಲ್ಲ, ಹಿಮ ಸರಿದದ್ದರಿಂದಲೇ ಆದದ್ದು. ಆ ನೀರನ್ನು ದನಕ್ಕೂ ಕುಡಿಸುವ ಹಾಗಿಲ್ಲ ಅಂತ ಹಳ್ಳಿಯವರು ದೂರುತ್ತಾರೆ.

ಕೊಪ್ಪದ ಹುಡುಗಿ

ಫೋಟೋಗಳಲ್ಲಿ ವರಾಸ್ ಸುತ್ತ ನೀಲಗಿರಿ ಮರ ಕಾಣುತ್ತಿದೆಯಲ್ಲ? ಅಲ್ಲೂ ನೆಟ್ಟಿದ್ದಾರಾ?

ಲಿಮಾ ವಾಸಿ

ಕಣಿವೆ ತುಂಬಾ ಅದೇ. ಆಸ್ಟ್ರೇಲಿಯಾದಿಂದ ತಂದದ್ದು, ಸೌದೆಗೆ, ಮನೆ ತೊಲೆಗೆ. ಅಲ್ಲಿನ ಸ್ವಂತ ಮರ ಕೆನ್ಯುವಲ್. ಕೆಂಪು ಸಿಪ್ಪೆ ಹಾಳೆಹಾಳೆಯಾಗಿ ಏಳುತ್ತದೆ, ಗೊಗ್ಗರು ಗೊಗ್ಗರಾಗಿ ಬೆಳೆಯುತ್ತದೆ. 4,000 ಮೀಟರ್ ದಾಟಿದರೂ ಬೆಳೆಯುವ ಮರ ಪ್ರಪಂಚದಲ್ಲಿ ಎಷ್ಟಿವೆ ಹೇಳಿ! ಕಣಿವೆಗಳ ಮೂಲೆಯಲ್ಲಿ ಅಲ್ಲಲ್ಲಿ ಉಳಿದಿದೆ.

ಹಾಸನದ ರೈತ

ನೀಲಗಿರಿ ನೆಲದ ನೀರು ಹೀರುತ್ತದೆ ಅಂತ ನಮ್ಮಲ್ಲಿ ಹೊಸದಾಗಿ ನೆಡುವುದನ್ನೇ ಸರಕಾರ 2017ರಲ್ಲಿ ನಿಲ್ಲಿಸಿತ್ತು. ಅವರಿಗೂ ಯಾರಾದರೂ ಹೇಳಿ. ಹಾಗೇ ಆಲೂಗಡ್ಡೆ ವಿಷಯ ಹೇಳಿ ಅಕ್ಕ, ನಮ್ಮ ಜಿಲ್ಲೆಯ ಬೆಳೆ ಅದು. ಮೂಲ ಅಲ್ಲೇ ಅಂತಾರೆ.

ಲಿಮಾ ವಾಸಿ

ಆಂಡೀಸ್‌ದೇ. ಪೆರುವಿನಲ್ಲಿ ಸಾವಿರಾರು ತಳಿ ಇವೆ, ನೇರಳೆ, ಕೆಂಪು, ಹಳದಿ, ಬೆರಳಿನ ಹಾಗೆ ಸೊಟ್ಟ. ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಲಿಮಾದಲ್ಲೇ ಇದೆ. ಆಂಕಾಶ್ ಕಡೆ ತೊಕೊಷ್ ಅಂತ ಮಾಡುತ್ತಾರೆ. ಆಲೂಗಡ್ಡೆಯನ್ನು ಹುಲ್ಲಿನಲ್ಲಿ ಸುತ್ತಿ ಹರಿಯುವ ನೀರಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಹುಳಿಬರಿಸಿ, ಒಣಗಿಸಿ, ಗಂಜಿ ಮಾಡುತ್ತಾರೆ. ವಾಸನೆ ಮೂಗಿಗೆ ಹೊಡೆಯುತ್ತದೆ. ಹೊಟ್ಟೆಗೆ ಒಳ್ಳೆಯದು ಅಂತ ಬಾಣಂತಿಯರಿಗೂ ಕೊಡುತ್ತಾರೆ.

ಕರಾವಳಿ ಕೂಸು

ನಮ್ಮಲ್ಲಿ ಬಟಾಟೆ ಅನ್ನುತ್ತೇವೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಮಾತು.

ಬೆಟ್ಟಗುಡ್ಡ

ಪಾಲ್ಕಾರಾಹು ಹತ್ತಿರ ಚಾರಣ ಹೋಗಬಹುದಾ? ಶಿಖರ ಬೇಡ, ಬುಡದವರೆಗೆ.

ಲಿಮಾ ವಾಸಿ

ಹೋಗಬಹುದು. ಲಿಮಾದಿಂದ ವರಾಸ್‌ಗೆ ಬಸ್ಸು, ಎಂಟು ಗಂಟೆ ಹಿಡಿಯುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಬನ್ನಿ, ಆಕಾಶ ಶುಭ್ರ ಇರುತ್ತದೆ. ಕೊಹುಪ್ ಕಣಿವೆ ಹಿಡಿದರೆ ಪಾಲ್ಕಾಕೋಚಾ, ಪಕ್ಕದ ಕಿಲ್ಕಾಯ್‌ವಾಂಕಾ ಕಣಿವೆ ಹಿಡಿದರೆ ಪರ್ವತದ ಇನ್ನೊಂದು ಮೈ ಕಾಣುತ್ತದೆ. ಎಲ್ಲವೂ ವಸ್ಕರಾನ್ ರಾಷ್ಟ್ರೀಯ ಉದ್ಯಾನದೊಳಗೆ, ಟಿಕೆಟ್ ತೆಗೆಯಬೇಕು. ಸಾಮಾನು ಹೊರಲು ಕತ್ತೆ ಸಿಗುತ್ತದೆ, ಜೊತೆಗೆ ಕತ್ತೆಯವರೂ ಬರುತ್ತಾರೆ.

ಭೂಗೋಳ ಮೇಷ್ಟ್ರು

ಎತ್ತರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲಿಮಾ ಸಮುದ್ರದ ದಂಡೆಯಲ್ಲಿದೆ, ಒಂದೇ ದಿನದಲ್ಲಿ ಮೂರು ಸಾವಿರ ಮೀಟರ್ ಏರುತ್ತೀರಿ. ವರಾಸ್‌ನಲ್ಲಿ ಕೆಲವು ದಿನ ಸುಮ್ನೆ ಇದ್ದು, ನೀರು ಕುಡಿದು, ಸಣ್ಣ ಸಣ್ಣ ನಡಿಗೆ ಮಾಡಿ ಆಮೇಲೆ ಮೇಲೆ ಹೋಗಿ. ತಲೆನೋವು, ವಾಂತಿ ಬಂದರೆ ಛಲ ಬಿಟ್ಟು ಕೆಳಗೆ ಇಳಿಯಿರಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಮ್ಮ ಕರ್ನಾಟಕದಿಂದ ಹೋದ ಚಾರಣ ತಂಡದ ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅನುಭವ ಇದ್ದವರೇ. ಹವಾಮಾನ ಕೆಟ್ಟರೆ ವಾಪಸ್ ಬರುವುದಕ್ಕೆ ಮನಸ್ಸು ಮೊದಲೇ ತಯಾರಿರಬೇಕು.

ಬೆಟ್ಟಗುಡ್ಡ

ಸರಿ ಮೇಷ್ಟ್ರೇ. ಟಿಕೆಟ್ ದರ ನೋಡಿದೆ, ಸದ್ಯಕ್ಕೆ ಕುದುರೆಮುಖವೇ ಗತಿ.

ನಕ್ಷೆಪ್ರಿಯ

ಕೊನೆಯದಾಗಿ ಒಂದು. ಪಶ್ಚಿಮ ಮೈಯ ನೀರು ಸಾಂತಾ ಸೇರಿ ಪೆಸಿಫಿಕ್‌ಗೆ. ಪೂರ್ವ ಮೈಯದ್ದು?

ಭೂಗೋಳ ಮೇಷ್ಟ್ರು

ಪೂರ್ವಕ್ಕೆ ಇಳಿದದ್ದು ವಾರಿ ಪ್ರಾಂತ್ಯದ ಹೊಳೆಗಳ ಮೂಲಕ ಮರಾನ್ಯೋನ್ ನದಿಗೆ, ಅಲ್ಲಿಂದ ಅಮೆಜಾನ್‌ಗೆ, ಕೊನೆಗೆ ಅಟ್ಲಾಂಟಿಕ್‌ಗೆ. ಖಂಡದ ನೀರು ಇಬ್ಭಾಗವಾಗುವ ಗೆರೆ ಇದೇ ಸಾಲಿನ ನೆತ್ತಿಯ ಮೇಲೆ ಹೋಗುತ್ತದೆ.

ಕಲ್ಲುಮಣ್ಣು

ಮೇಷ್ಟ್ರು ಹೇಳಿದ ಗೆರೆಯನ್ನು ನಕ್ಷೆಯಲ್ಲಿ ಎಳೆಯುವಾಗ ಒಂದು ಕಡೆ ಎಚ್ಚರ. ದಕ್ಷಿಣದಲ್ಲಿ ಕೊನೊಕೋಚಾ ದಾಟಿದ ಮೇಲೆ ಪಾತಿವಿಲ್ಕಾ ನದಿಯ ಜಲಾನಯನ ಶುರುವಾಗುತ್ತದೆ. ಅದೂ ಪೆಸಿಫಿಕ್‌ಗೇ ಹೋಗುವುದು, ಸಾಂತಾಕ್ಕೆ ಸೇರಿಸಿಬಿಡಬೇಡಿ.

ನಕ್ಷೆಪ್ರಿಯ

ಸರಿ, ಪಾತಿವಿಲ್ಕಾಕ್ಕೆ ಬೇರೆ ಬಣ್ಣ ಕೊಡುತ್ತೇನೆ. ನಕ್ಷೆ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ, ತಿದ್ದಿ ಕೊಡಿ.